ಕರೆಂಟಿನಲ್ಲಿ ಉಸಿರಾಡುವವರ ಮನೆಯಿಂದ: ಉಡುಪಿ ಜಿಲ್ಲಾಧಿಕಾರಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ ನಮಸ್ಕಾರಗಳು.

ನಾನು ಹೆಬ್ರಿ ತಾಲೂಕಿನ ಒಂದು ಹಳ್ಳಿಯವಳು. ನಮ್ಮದು ಘಟ್ಟದ ಬುಡ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಯಾರಿಗೂ ಸುದ್ದಿಯಲ್ಲ. ಮರ ಬೀಳುತ್ತದೆ, ತಂತಿ ತುಂಡಾಗುತ್ತದೆ, ಕಂಬ ವಾಲುತ್ತದೆ. ಲೈನ್‌ಮ್ಯಾನ್‌ಗಳು ಆ ಗಾಳಿಮಳೆಯಲ್ಲೇ ಕಂಬ ಹತ್ತುತ್ತಾರೆ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ದೀಪ ಇಲ್ಲದಿದ್ದರೆ ಕ್ಯಾಂಡಲ್ ಹಚ್ಚುತ್ತೇವೆ. ಪಂಪ್ ಓಡದಿದ್ದರೆ ಬಾವಿಯಿಂದ ನೀರು ಸೇದುತ್ತೇವೆ. ಆದರೆ ಕರೆಂಟಿನಲ್ಲೇ ಉಸಿರಾಡುವವರು ಮನೆಯಲ್ಲಿದ್ದರೆ ಏನು ಮಾಡಬೇಕು? ಅದನ್ನು ಕೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಮ್ಮನಿಗೆ ಸಿಒಪಿಡಿ ಇತ್ತು. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಸರಿಯಾಗಿ ಹೊರಗೆ ಬಾರದ ಕಾಯಿಲೆ. ಊರಲ್ಲಿ ಸುಮ್ನೆ 'ದಮ್ಮು' ಅನ್ನುತ್ತಾರೆ. ಬೀಡಿ ಸೇದುವ ಗಂಡಸರಿಗೆ ಬರುವ ಕಾಯಿಲೆ ಅಂತ ನಾವೆಲ್ಲ ತಿಳಿದಿದ್ದೆವು. ಅಮ್ಮ ಬೀಡಿ ಸೇದಿದವಳಲ್ಲ. ಆದರೆ ನಲವತ್ತು ವರ್ಷ ಒಲೆಯ ಮುಂದೆ ಕೂತವಳು. ಅಡುಗೆಗೊಂದು ಒಲೆ, ಬಚ್ಚಲ ಹಂಡೆಗೊಂದು, ಕುಚ್ಚಲಕ್ಕಿಗೆ ಭತ್ತ ಬೇಯಿಸಲು ಅಂಗಳದಲ್ಲಿ ಮತ್ತೊಂದು. ಆಟಿ ತಿಂಗಳ ಒದ್ದೆ ಕಟ್ಟಿಗೆ ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ. ಊದುಕೊಳವೆ ಹಿಡಿದು ಊದುವಳು, ಕೆಮ್ಮುವಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಊದುವಳು. ಡಾಕ್ಟರು ಸ್ಟೆತಸ್ಕೋಪ್ ಇಟ್ಟು ನೋಡಿ ಮೊದಲು ಕೇಳಿದ್ದೇ "ಮನೆಯಲ್ಲಿ ಕಟ್ಟಿಗೆ ಒಲೆಯಾ?" ಅಂತ. ನಮ್ಮ ಜಿಲ್ಲೆಯ ಎಷ್ಟು ಅಮ್ಮಂದಿರು ಆ ಹೊಗೆ ಕುಡಿದಿಲ್ಲ ಹೇಳಿ?

ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದಾಗಲೂ, ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸುವ ಬೆರಳಿನ ಆಕ್ಸಿಮೀಟರ್ 86 ತೋರಿಸುತ್ತಿತ್ತು. ಆರೋಗ್ಯವಂತರಿಗೆ ಅದು 95ರ ಮೇಲಿರಬೇಕು. ಹೀಗೆ ಯಾವಾಗಲೂ 88 ಅಥವಾ ಅದಕ್ಕಿಂತ ಕಡಿಮೆ ಇರುವ ಸಿಒಪಿಡಿ ರೋಗಿಗಳಿಗೆ ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ. ವೈದ್ಯರಿಗೆ ಇದು ಹೊಸ ವಿಷಯವಲ್ಲ. 1980 ಮತ್ತು 1981ರಲ್ಲಿ ಅಮೆರಿಕ ಮತ್ತು ಬ್ರಿಟನ್‌ನಿಂದ ಬಂದ ಎರಡು ಅಧ್ಯಯನಗಳಲ್ಲೇ ಇದು ಗೊತ್ತಾಗಿದೆ. ಹಾಗಾಗಿ ಅಮ್ಮನಿಗೆ ಮನೆಯಲ್ಲೇ ಆಕ್ಸಿಜನ್ ಬರೆದುಕೊಟ್ಟರು. 48,000 ರೂಪಾಯಿ ಕೊಟ್ಟು 5 ಲೀಟರಿನ ಕಾನ್ಸನ್ಟ್ರೇಟರ್ ತಂದೆವು.

ಈ ಯಂತ್ರ ನೋಡದವರಿಗಾಗಿ ಎರಡು ಮಾತು. ಸಣ್ಣ ಕಪಾಟಿನಷ್ಟು ದೊಡ್ಡದು, ಕೆಳಗೆ ನಾಲ್ಕು ಚಕ್ರ. ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಒಳಗೆ ಜಿಯೋಲೈಟ್ ಅನ್ನುವ ಹರಳುಗಳು ನೈಟ್ರೋಜನ್ ಹಿಡಿದಿಟ್ಟುಕೊಳ್ಳುತ್ತವೆ. ಉಳಿದದ್ದು ಸುಮಾರು 93 ಶೇಕಡಾ ಆಕ್ಸಿಜನ್ ಆಗಿ ನಳಿಕೆಯಲ್ಲಿ ಹೊರಗೆ ಬರುತ್ತದೆ. ಒಳಗೆ ಆಕ್ಸಿಜನ್ ದಾಸ್ತಾನು ಅಂತ ಏನೂ ಇರುವುದಿಲ್ಲ. ಕರೆಂಟ್ ಹೋದ ಕ್ಷಣವೇ ಆಕ್ಸಿಜನ್ ನಿಲ್ಲುತ್ತದೆ.

ಹೋದ ವರ್ಷ ಜುಲೈಯ ಒಂದು ರಾತ್ರಿ ಒಂಬತ್ತೂವರೆಗೆ ಹಾಗೆ ನಿಂತಿತು. ಯಂತ್ರ ಕೂಗಿಕೊಳ್ಳಲು ಶುರುಮಾಡಿತು. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಹೊರಗೆ ಮಳೆ ಎಷ್ಟು ಜೋರಿತ್ತೆಂದರೆ ನಾವು ಒಬ್ಬರಿಗೊಬ್ಬರು ಬೊಬ್ಬೆ ಹೊಡೆದೇ ಮಾತಾಡಬೇಕಿತ್ತು. ಹೀಗೇನಾದರೂ ಆದರೆ ಇರಲಿ ಅಂತ ಒಂದು ಬಿ ಟೈಪ್ ಆಕ್ಸಿಜನ್ ಸಿಲಿಂಡರ್ ತಂದಿಟ್ಟಿದ್ದೆವು. ಕಪ್ಪು ಮೈ, ಬಿಳಿ ಕುತ್ತಿಗೆಯದ್ದು. ತುಂಬಿದ್ದರೆ ಅದರಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ ಹನ್ನೆರಡು ಗಂಟೆ ಬರುತ್ತದೆ. ಬೆಳಗ್ಗೆವರೆಗೆ ಸಾಕು ಅಂತ ಧೈರ್ಯ ತಂದುಕೊಂಡೆ.

ಅಮ್ಮ ಮಂಚದ ಮೇಲೆ ಎರಡೂ ಕೈ ಊರಿಕೊಂಡು, ಮುಂದಕ್ಕೆ ಬಗ್ಗಿ ಕೂತಿದ್ದಳು. ಪ್ರತಿ ಉಸಿರಿಗೂ ಕತ್ತಿನ ನರ ಎದ್ದು ಕಾಣುತ್ತಿತ್ತು. ಹೆದರಿಕೆಗೆ ದಮ್ಮು ಇನ್ನೂ ಜಾಸ್ತಿಯಾಯಿತು. ಆಕ್ಸಿಮೀಟರ್ 84 ಅಂತ ತೋರಿಸಿತು. ಸಹಾಯಕ್ಕೆ ಬಂದಿದ್ದ ಆಚೆಮನೆಯ ಹುಡುಗ "ಅಕ್ಕಾ, ಇನ್ನೂ ಸ್ವಲ್ಪ ಬಿಡುವ" ಅಂತ ಕೀಲಿ ತಿರುಗಿಸಿ 6ಕ್ಕೆ ಇಟ್ಟ. ನಾನು ಬೇಡ ಅನ್ನಲಿಲ್ಲ. ನನಗೂ ಅದೇ ಸರಿ ಅನ್ನಿಸಿತು. ನಂಬರ್ 97ಕ್ಕೆ ಏರಿತು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಅಮ್ಮನಿಗೆ ನಿದ್ದೆ ಹತ್ತಿತು. ಪಾಪ, ದಣಿದಿದ್ದಾಳೆ, ಮಲಗಲಿ ಅಂದುಕೊಂಡೆವು.

ಅದು ನಿದ್ದೆಯಾಗಿರಲಿಲ್ಲ. ಸಿಒಪಿಡಿ ಹೆಚ್ಚಾದ ಕೆಲವರಿಗೆ ಅಗತ್ಯಕ್ಕಿಂತ ಜಾಸ್ತಿ ಆಕ್ಸಿಜನ್ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮಂಪರು ಕವಿಯುತ್ತದೆ, ಆಮೇಲೆ ಎಚ್ಚರವೇ ತಪ್ಪಬಹುದು. ಅಂಥವರಿಗೆ 88ರಿಂದ 92ರ ನಡುವೆ ಇದ್ದರೆ ಸಾಕು. 97 ನೋಡಿ ಸಮಾಧಾನಪಟ್ಟ ನಾವು ಅಮ್ಮನನ್ನು ಅಪಾಯಕ್ಕೆ ತಳ್ಳುತ್ತಿದ್ದೆವು. ಅಷ್ಟೇ ಅಲ್ಲ, 6 ಲೀಟರಿನಲ್ಲಿ ಬಿಟ್ಟ ಸಿಲಿಂಡರ್ ನಾಲ್ಕೇ ಗಂಟೆಯಲ್ಲಿ ಖಾಲಿಯಾಯಿತು. ಇನ್ನೊಂದು ಮಾತು ಹೇಳಲು ಈಗಲೂ ಕೈ ನಡುಗುತ್ತದೆ. ಆ ಸಿಲಿಂಡರಿನ ಪಕ್ಕದ ಸ್ಟೂಲಿನ ಮೇಲೆ ನಾವು ಕ್ಯಾಂಡಲ್ ಹಚ್ಚಿಟ್ಟಿದ್ದೆವು.

ರಾತ್ರಿ ಎರಡರ ಮೇಲೆ ಅಮ್ಮನನ್ನು ಕರೆದರೆ ಓಗೊಡಲಿಲ್ಲ. ಮೈ ಬಿಸಿಯಿತ್ತು, ಕಣ್ಣು ಅರೆ ತೆರೆದಿತ್ತು, ಮಾತಿಲ್ಲ. ದಾರಿಗೆ ಮರ ಅಡ್ಡ ಬಿದ್ದಿತ್ತು. ಊರಿನ ನಾಲ್ಕು ಜನ ಟಾರ್ಚ್ ಹಿಡಿದು ಮರ ಕಡಿದು ದಾರಿ ಮಾಡಿದರು. ಆಚೆಮನೆಯವರ ಓಮ್ನಿಯಲ್ಲಿ ಅಮ್ಮನನ್ನು ಮಲಗಿಸಿಕೊಂಡು ಹೊರಟೆವು. ದಾರಿ ಉದ್ದಕ್ಕೂ ನಾನು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಅವಳ ಮುಖಕ್ಕೆ ಗಾಳಿ ಹಾಕುತ್ತಿದ್ದೆ. ನನ್ನ ಕೈಯಲ್ಲಿ ಇದ್ದದ್ದು ಅದೊಂದೇ.

ಆಸ್ಪತ್ರೆಯಲ್ಲಿ ಬೈಪ್ಯಾಪ್ ಹಾಕಿದರು. ಗಂಟಲಿಗೆ ನಳಿಕೆ ಇಳಿಸದೆ, ಮುಖಕ್ಕೆ ಮಾಸ್ಕ್ ಕಟ್ಟಿ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ ಅದು. ಉಸಿರು ಒಳಗೆ ಎಳೆಯುವಾಗ ಜೋರಾಗಿ ದೂಡುತ್ತದೆ, ಬಿಡುವಾಗ ಒತ್ತಡ ಇಳಿಸುತ್ತದೆ. ಸೋತ ಸ್ನಾಯುಗಳಿಗೆ ಹೆಗಲು ಕೊಟ್ಟ ಹಾಗೆ. ಹೊತ್ತಿಗೆ ಸರಿಯಾಗಿ ಹಾಕಿದರೆ ಎಷ್ಟೋ ರೋಗಿಗಳಿಗೆ ವೆಂಟಿಲೇಟರ್ ಬೇಕಾಗುವುದೇ ಇಲ್ಲ. ಅಮ್ಮನಿಗೂ ಬೇಕಾಗಲಿಲ್ಲ. ಮಾರನೇ ದಿನ ಸಂಜೆ ಕಣ್ಣು ಬಿಟ್ಟು, ಮಾಸ್ಕಿನೊಳಗಿಂದಲೇ "ದನಕ್ಕೆ ಹುಲ್ಲು ಹಾಕಿದ್ದೀರಾ?" ಅಂತ ಕೇಳಿದಳು. ನಾನು ಹೊರಗೆ ಹೋಗಿ ಅತ್ತೆ.

ಅಲ್ಲಿ ಒಬ್ಬಳು ಹುಡುಗಿ ದಿನಕ್ಕೆ ನಾಲ್ಕೈದು ಸಲ ಅಮ್ಮನ ಹತ್ತಿರ ಬರುತ್ತಿದ್ದಳು. ಮಾಸ್ಕಿನ ಪಟ್ಟಿ ಸಡಿಲಿಸುವಳು, ಮೂಗಿನ ಮೇಲೆ ಗಾಯವಾಗದಂತೆ ಸಣ್ಣ ಪ್ಯಾಡ್ ಇಡುವಳು, ಪಟ್ಟಿಯ ಕೆಳಗೆ ಎರಡು ಬೆರಳು ಹೋಗುತ್ತದಾ ಅಂತ ನೋಡುವಳು. ನಾನು ನರ್ಸ್ ಅಂದುಕೊಂಡಿದ್ದೆ. "ಅಲ್ಲ ಅಕ್ಕಾ, ನಾನು ರೆಸ್ಪಿರೇಟರಿ ಥೆರಪಿಸ್ಟ್" ಅಂದಳು. ಉಸಿರಾಟದ ಚಿಕಿತ್ಸೆ, ಅದರ ಯಂತ್ರಗಳನ್ನು ನೋಡಿಕೊಳ್ಳಲು ಕಲಿತವರು. ಹಾಗೊಂದು ಕೆಲಸ ಇದೆ ಅಂತ ನನಗೆ ಗೊತ್ತಾಗಿದ್ದೇ ಆವತ್ತು.

ಡಿಸ್ಚಾರ್ಜ್ ಆಗುವ ಮುಂಚೆ ಅವಳು ಅರ್ಧ ಗಂಟೆ ನಮ್ಮ ಜೊತೆ ಕೂತಳು. ತುಟಿ ಕೂಡಿಸಿ ನಿಧಾನಕ್ಕೆ ಉಸಿರು ಬಿಡುವುದನ್ನು ಅಮ್ಮನಿಗೆ ಹೇಳಿಕೊಟ್ಟಳು. "ಬಿಸಿ ಚಾ ಆರಿಸುವ ಹಾಗೆ ಊದಿ ಅಮ್ಮಾ." ಅಮ್ಮ ನಕ್ಕು "ಒಲೆ ಊದಿದ ಹಾಗೆ ಅಲ್ವಾ?" ಅಂದಳು. "ಅಷ್ಟು ಜೋರು ಬೇಡ" ಅಂದಳು ಹುಡುಗಿ. ಯಂತ್ರವನ್ನು ಗೋಡೆಗೆ ಒತ್ತಿ ಇಡಬಾರದು. ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕಬೇಕು. ನಳಿಕೆ ಹಾಕಿಕೊಂಡು ದೇವರ ದೀಪದ ಹತ್ತಿರ ಹೋಗಬಾರದು. ಮೂಗು ಒಣಗಿ ಉರಿಯುತ್ತದೆ ಅಂತ ನಾವು ದಿನಾ ತೆಂಗಿನೆಣ್ಣೆ ಹಚ್ಚುತ್ತಿದ್ದೆವು. ಆಕ್ಸಿಜನ್ ಇರುವ ಕಡೆ ಎಣ್ಣೆ ಬೇಡ ಅಂದಳು. ಕೊನೆಗೆ ಒಂದು ಹಾಳೆಯಲ್ಲಿ ದೊಡ್ಡದಾಗಿ '88–92' ಅಂತ ಬರೆದು, ಕೆಳಗೆ '2 ಲೀಟರ್, ಕೇಳದೆ ಹೆಚ್ಚಿಸಬೇಡಿ' ಅಂತ ಬರೆದುಕೊಟ್ಟಳು. ಅದನ್ನು ಮಂಚದ ಮೇಲಿನ ಗೋಡೆಗೆ ಅಂಟಿಸಿದೆವು.

ಸ್ವಾಮೀ, ಯಂತ್ರ ಮನೆಗೆ ಬಂದು ಒಂಬತ್ತು ತಿಂಗಳಾಗಿತ್ತು. ಮಾರಿದವರು ಇಂಗ್ಲಿಷಿನ ಪುಸ್ತಕ ಕೊಟ್ಟು ಹೋಗಿದ್ದರು. ಆ ಒಂದು ಹಾಳೆ ಒಂಬತ್ತು ತಿಂಗಳ ಹಿಂದೆಯೇ ನಮ್ಮ ಗೋಡೆಯ ಮೇಲೆ ಇದ್ದಿದ್ದರೆ ಆ ರಾತ್ರಿ ಹಾಗಾಗುತ್ತಿರಲಿಲ್ಲ. ನಿಮ್ಮಲ್ಲಿ ನಾನು ಕೇಳುವುದೆಲ್ಲ ಇದರ ಸುತ್ತಲೇ ಇದೆ. ದುಬಾರಿ ಯಂತ್ರ ಕೇಳುತ್ತಿಲ್ಲ. ಮನೆಯಲ್ಲಿ ಆಕ್ಸಿಜನ್ ಮೇಲೆ, ಬೈಪ್ಯಾಪ್ ಮೇಲೆ ಬದುಕುತ್ತಿರುವವರು ಯಾರು, ಎಲ್ಲಿದ್ದಾರೆ ಅಂತ ಜಿಲ್ಲಾಡಳಿತಕ್ಕೆ ಗೊತ್ತಿರಬೇಕು. ಅವರ ಮನೆ ಬಾಗಿಲಿಗೆ ತಿಳಿದವರೊಬ್ಬರು ಬರಬೇಕು.

ಮೊದಲು ಹೆಸರು ಬರೆಸಿ. ಪ್ರತಿ ಗ್ರಾಮದಲ್ಲೂ ಆಶಾ ಕಾರ್ಯಕರ್ತೆ ಇದ್ದಾರೆ. ಯಾರ ಮನೆಯಲ್ಲಿ ಬಾಣಂತಿ ಇದ್ದಾರೆ, ಯಾವ ಮಗುವಿಗೆ ಚುಚ್ಚುಮದ್ದು ಬಾಕಿ ಇದೆ ಅಂತ ಅವರಿಗೆ ಗೊತ್ತು. ಯಾರ ಮನೆಯಲ್ಲಿ ಕಾನ್ಸನ್ಟ್ರೇಟರ್ ಓಡುತ್ತಿದೆ ಅಂತಲೂ ಗೊತ್ತಿರುತ್ತದೆ. ಬರೆದುಕೊಳ್ಳಿ ಅಂತ ಯಾರೂ ಹೇಳಿಲ್ಲ, ಅಷ್ಟೇ. ಹೆಚ್ಚುವರಿ ಕೆಲಸಕ್ಕೆ ಅವರಿಗೆ ಹೆಚ್ಚುವರಿ ಗೌರವಧನವನ್ನೂ ಕೊಡಿ. ಅವರ ಕೆಲಸ ಈಗಲೇ ಜಾಸ್ತಿ ಇದೆ.

ಆ ಪಟ್ಟಿ ನಮ್ಮ ಕಡೆಯ ಮೆಸ್ಕಾಂ ಸೆಕ್ಷನ್ ಆಫೀಸುಗಳಲ್ಲೂ ಇರಲಿ. ರಿಪೇರಿಗೆ ಅಂತ ಕರೆಂಟ್ ತೆಗೆಯುವ ದಿನ ಹಿಂದಿನ ದಿನವೇ ಆ ಮನೆಗಳಿಗೆ ಒಂದು ಫೋನ್ ಹೋಗಲಿ. ಮರ ಬಿದ್ದ ರಾತ್ರಿ ಯಾವ ಲೈನನ್ನು ಮೊದಲು ಸರಿಮಾಡಬೇಕು ಅಂತ ನಿರ್ಧರಿಸುವವರ ಮುಂದೆ ಆ ಪಟ್ಟಿ ಇರಲಿ. ಆಗುವುದೇ ಇಲ್ಲ ಅಂದರೆ ಅದನ್ನೂ ಹೇಳಲಿ. "ನಾಳೆ ಮಧ್ಯಾಹ್ನದವರೆಗೆ ಬರುವುದಿಲ್ಲ" ಅಂತ ರಾತ್ರಿ ಹತ್ತಕ್ಕೆ ಗೊತ್ತಾಗಿದ್ದರೆ ನಾನು ಆಗಲೇ ಅಮ್ಮನನ್ನು ಕರೆದುಕೊಂಡು ಹೊರಡುತ್ತಿದ್ದೆ. ಇನ್ವರ್ಟರ್ ಹಾಕಿಸಬಹುದಿತ್ತಲ್ಲ ಅಂತ ಹಲವರು ಕೇಳಿದರು. ಆಮೇಲೆ ಹಾಕಿಸಿದೆವು. 150 ಎಎಚ್ ಬ್ಯಾಟರಿ ಈ ಯಂತ್ರವನ್ನು ನಾಲ್ಕು ಗಂಟೆ ಓಡಿಸಿದರೆ ಹೆಚ್ಚು. ನಮ್ಮೂರಿನ ಮಳೆಗಾಲಕ್ಕೆ ನಾಲ್ಕು ಗಂಟೆ ಏನೇನೂ ಅಲ್ಲ.

ಇನ್ನು ಬಿಲ್ಲಿನ ಮಾತು. ಇದು ನಿಮ್ಮೊಬ್ಬರ ಕೈಯಲ್ಲಿ ಇಲ್ಲ ಅಂತ ಗೊತ್ತು, ಆದರೆ ನೀವು ಸರ್ಕಾರಕ್ಕೆ ಬರೆಯಬಹುದು. ಯಂತ್ರ ಎಳೆಯುವುದು ಸುಮಾರು 350 ವ್ಯಾಟ್. ದಿನಕ್ಕೆ 16 ಗಂಟೆ ಓಡಿದರೆ 5.6 ಯೂನಿಟ್. ತಿಂಗಳಿಗೆ 168. ನಮ್ಮ ಮನೆಯಲ್ಲಿ ಮೊದಲು 70 ಯೂನಿಟ್ ಬರುತ್ತಿತ್ತು. ಎರಡೂ ಸೇರಿ 238. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಎಸಿ ಹಾಕಿ 200 ದಾಟಿದವರೂ, ಉಸಿರಿಗಾಗಿ 200 ದಾಟಿದವರೂ ಲೆಕ್ಕದಲ್ಲಿ ಒಂದೇ ಆಗಿಬಿಟ್ಟರು. ಮನೆಯಲ್ಲಿ ರೋಗಿ ಇಲ್ಲದಾಗ ಸೊನ್ನೆ ಬಿಲ್ ಬರುತ್ತಿತ್ತು. ರೋಗಿ ಬಂದ ಮೇಲೆ ಪೂರ್ತಿ ಬಿಲ್ ಬಂತು. ಬಿಲ್ ನೋಡಿ ಅಮ್ಮ ಹಗಲು ಹೊತ್ತು ಯಂತ್ರ ಆರಿಸಲು ಶುರುಮಾಡಿದಳು. "ಈಗ ಸ್ವಲ್ಪ ಪರವಾಗಿಲ್ಲ ಮಗಾ" ಅನ್ನುವಳು. ಪರವಾಗಿಲ್ಲ ಅಂತ ಹೇಳುವಾಗಲೂ ವಾಕ್ಯದ ಮಧ್ಯೆ ಎರಡು ಸಲ ಉಸಿರು ಎಳೆಯುತ್ತಿದ್ದಳು. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಾನ್ಸನ್ಟ್ರೇಟರ್ ಇಟ್ಟವರಿಗೆ ಅದು ಉರಿಸಿದ ಕರೆಂಟಿನ ಹಣ ವಾಪಸ್ ಕೊಡುತ್ತಾರೆ. ನಮ್ಮಲ್ಲಿ ಅಷ್ಟು ದೂರ ಹೋಗುವುದೂ ಬೇಡ. ಸರ್ಕಾರಿ ವೈದ್ಯರು ಬರೆದುಕೊಟ್ಟ ಯಂತ್ರದ ಯೂನಿಟ್‌ಗಳನ್ನು 200ರ ಲೆಕ್ಕದಿಂದ ಹೊರಗಿಟ್ಟರೆ ಸಾಕು.

ಮೂರನೆಯದು ಜನ. ಉಡುಪಿ ಜಿಲ್ಲೆಗೆ ಇದರಲ್ಲಿ ಬಡತನ ಇಲ್ಲ. ರೆಸ್ಪಿರೇಟರಿ ಥೆರಪಿಯ ಪದವಿ ಕೊಡುವ ಕಾಲೇಜು ನಮ್ಮ ಮಣಿಪಾಲದಲ್ಲೇ ಇದೆ. ಪಕ್ಕದ ಮಂಗಳೂರಿನಲ್ಲೂ ಕಲಿಸುತ್ತಾರೆ. ಇಲ್ಲಿ ಕಲಿತವರು ದೊಡ್ಡ ದೊಡ್ಡ ಊರುಗಳ ಐಸಿಯುಗಳಿಗೆ, ವಿದೇಶಕ್ಕೆ ಹೋಗುತ್ತಾರೆ. ಹೋಗಲಿ, ಅವರ ಬದುಕು ಅವರದು. ಆದರೆ ಮಣಿಪಾಲದಿಂದ ಒಂದು ಗಂಟೆಯ ದಾರಿಯಲ್ಲಿರುವ ನಮಗೆ ಹಾಗೊಬ್ಬರು ಇದ್ದಾರೆ ಅಂತಲೇ ಗೊತ್ತಿರಲಿಲ್ಲ. ಕುಂದಾಪುರ, ಕಾರ್ಕಳದ ತಾಲೂಕು ಆಸ್ಪತ್ರೆಗಳಲ್ಲಿ ಒಬ್ಬೊಬ್ಬ ರೆಸ್ಪಿರೇಟರಿ ಥೆರಪಿಸ್ಟ್ ಕಾಯಂ ಆಗಿ ಇರುವಂತೆ ಮಾಡಿ. ವಾರದಲ್ಲಿ ಎರಡು ದಿನ ಅವರು ಹೆಬ್ರಿ, ಬೈಂದೂರು, ಬ್ರಹ್ಮಾವರ, ಕಾಪು ಕಡೆಯ ಮನೆಗಳಿಗೆ ಹೋಗಲಿ. ಕಾಲೇಜುಗಳ ಜೊತೆ ಮಾತಾಡಿ ಇಂಟರ್ನ್‌ಶಿಪ್ ವಿದ್ಯಾರ್ಥಿಗಳನ್ನೂ ಜೊತೆಗೆ ಕಳಿಸಿ.

ವಿದ್ಯಾರ್ಥಿಗಳಿಂದ ಏನಾಗುತ್ತದೆ ಅನ್ನಬೇಡಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಬಂದು ನೂರಾರು ಜನರ ಉಸಿರಾಟದ ಸ್ನಾಯು ಸೋತುಹೋದವು. ಅವರಿಗೆಲ್ಲ ಸಾಲುವಷ್ಟು ಯಂತ್ರ ಇರಲಿಲ್ಲ. ಬ್ಯೋರ್ನ್ ಇಬ್ಸೆನ್ ಅನ್ನುವ ಅರಿವಳಿಕೆ ವೈದ್ಯರು ಗಂಟಲಿಗೆ ತೂತು ಮಾಡಿ ನಳಿಕೆ ಇಟ್ಟು, ರಬ್ಬರ್ ಚೀಲ ಒತ್ತಿ ಗಾಳಿ ಕೊಡುವ ದಾರಿ ತೋರಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಹಗಲು ರಾತ್ರಿ, ತಿಂಗಳುಗಟ್ಟಲೆ ಕೈಯಲ್ಲೇ ಚೀಲ ಒತ್ತಿದರು. ಇಂದಿನ ಐಸಿಯು ಹುಟ್ಟಿದ್ದೇ ಅಲ್ಲಿಂದ ಅನ್ನುತ್ತಾರೆ. ನಮ್ಮ ಮಕ್ಕಳಿಗೆ ನಾವು ಅಷ್ಟು ಕಷ್ಟದ ಕೆಲಸ ಹೇಳುತ್ತಿಲ್ಲ. ತಿಂಗಳಿಗೊಮ್ಮೆ ಮನೆಗೆ ಬಂದು ಫಿಲ್ಟರ್ ನೋಡಿ, ಯಂತ್ರದಿಂದ ಆಕ್ಸಿಜನ್ ಸರಿಯಾಗಿ ಬರುತ್ತಿದೆಯಾ ಅಂತ ಅಳೆದು, ಗೋಡೆಗೆ ಒಂದು ಕನ್ನಡದ ಹಾಳೆ ಅಂಟಿಸಿ ಹೋದರೆ ಸಾಕು.

ಕೊರೊನಾ ಕಾಲದಲ್ಲಿ ಬಂದ ಕಾನ್ಸನ್ಟ್ರೇಟರ್‌ಗಳ ಬಗ್ಗೆಯೂ ಕೇಳಬೇಕು. 2021ರ ಎರಡನೇ ಅಲೆಯಲ್ಲಿ ದಾನಿಗಳು, ಸಂಘಸಂಸ್ಥೆಗಳು, ಕಂಪನಿಗಳು ಎಷ್ಟೋ ಕೊಟ್ಟರು. ಅವು ಈಗ ಎಲ್ಲೆಲ್ಲಿವೆ, ಎಷ್ಟು ಓಡುತ್ತಿವೆ ಅಂತ ಒಂದು ಸಲ ಎಣಿಸಿ. ನಾನು ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ. ಆದರೆ ನಮ್ಮ ಕರಾವಳಿಯ ತೇವಕ್ಕೆ, ಓಡಿಸದೆ ಇಟ್ಟ ಯಂತ್ರದ ಜಿಯೋಲೈಟ್ ಹಾಳಾಗುತ್ತದೆ. ಹೊರಗಿನಿಂದ ಹೊಸದರಂತೆ ಕಾಣುತ್ತದೆ, ಬರುವ ಗಾಳಿಯಲ್ಲಿ ಬೇಕಾದಷ್ಟು ಆಕ್ಸಿಜನ್ ಇರುವುದಿಲ್ಲ. ಎಣಿಸಿ, ಅಳೆದು, ಸರಿಯಿರುವುದನ್ನು ತಾಲೂಕು ಆಸ್ಪತ್ರೆಗಳಲ್ಲಿ ಒಂದು ಕಡೆ ಇಡಿ. ವೈದ್ಯರ ಚೀಟಿ ತಂದವರಿಗೆ ಎರವಲು ಕೊಡಿ, ಕೆಲಸ ಮುಗಿದ ಮೇಲೆ ವಾಪಸ್ ತೆಗೆದುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಒಂದೊಂದು ತುಂಬಿದ ಸಿಲಿಂಡರನ್ನೂ ಕೊಡಿ. 2021ರ ಮೇ ತಿಂಗಳಲ್ಲಿ ನೌಕಾಪಡೆಯ ಹಡಗು ಐಎನ್‌ಎಸ್ ತಲ್ವಾರ್ ಬಹ್ರೈನ್‌ನಿಂದ ದ್ರವ ಆಕ್ಸಿಜನ್ ಹೊತ್ತು ನವ ಮಂಗಳೂರು ಬಂದರಿಗೆ ಬಂದದ್ದು ನಮಗೆಲ್ಲ ನೆನಪಿದೆ. ಸಮುದ್ರ ದಾಟಿಸಿ ತಂದಿದ್ದೆವಲ್ಲ. ಈಗ ತಾಲೂಕು ಆಸ್ಪತ್ರೆಯಿಂದ ಹಳ್ಳಿಯ ಮನೆಗೆ ತಲುಪಿಸಬೇಕು.

ಕೊನೆಯದನ್ನು ಹೇಳಲು ಕಷ್ಟ, ಆದರೂ ಹೇಳುತ್ತೇನೆ. ಈ ಕಾಯಿಲೆ ವಾಸಿಯಾಗುವುದಿಲ್ಲ. ಈ ವರ್ಷ ಏಪ್ರಿಲ್‌ನಲ್ಲಿ ಡಾಕ್ಟರು ಅಮ್ಮನ ಕೈ ಹಿಡಿದು, ಮುಂದಿನ ಸಲ ತೀರಾ ಜಾಸ್ತಿಯಾದರೆ ಗಂಟಲಿಗೆ ನಳಿಕೆ ಹಾಕಿ ವೆಂಟಿಲೇಟರ್‌ಗೆ ಇಡಬೇಕಾ ಅಂತ ಅವಳನ್ನೇ ಕೇಳಿದರು. ಅಮ್ಮ ಬೇಡ ಅಂದಳು. "ಮನೆಯಲ್ಲೇ ಇರುತ್ತೇನೆ, ದಮ್ಮು ಮಾತ್ರ ಕಡಿಮೆ ಮಾಡಿ" ಅಂದಳು. ತೀರಾ ಸಣ್ಣ ಪ್ರಮಾಣದ ಮಾರ್ಫಿನ್ ಕೆಲವರಿಗೆ ಆ ಸಂಕಟವನ್ನು ಇಳಿಸಬಹುದು ಅಂತ ನಮಗೆ ತಿಳಿದದ್ದು ಆಗ. ಮುಖಕ್ಕೆ ತಣ್ಣನೆ ಗಾಳಿ ಬಿದ್ದರೂ ದಮ್ಮು ಸ್ವಲ್ಪ ಇಳಿದಂತಾಗುತ್ತದೆ ಅಂದರು. ಆ ರಾತ್ರಿ ಏನೂ ಗೊತ್ತಿಲ್ಲದೆ ಬೀಸಿದ ಹಾಳೆ ಬೀಸಣಿಗೆ ವ್ಯರ್ಥವಾಗಿರಲಿಲ್ಲ. ಆದರೆ ಮಾರ್ಫಿನ್ ಬರೆಸಿಕೊಳ್ಳಲು, ತರಲು ನಾವು ಪ್ರತಿ ಸಲ ಪೇಟೆಗೆ ಓಡಬೇಕಿತ್ತು. ಗಡಿಯಾಚೆ ಕೇರಳದಲ್ಲಿ 2008ರಿಂದಲೇ ಉಪಶಮನ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ಸಂಕಟ ಕಡಿಮೆ ಮಾಡುವ ಆರೈಕೆಗೆ, ಒಂದು ನೀತಿ ಇದೆ. ಅಲ್ಲಿ ಪಂಚಾಯಿತಿಯ ನರ್ಸ್ ಮನೆಗೇ ಬರುತ್ತಾರೆ. ಕಾಸರಗೋಡಿನಲ್ಲಿ ಆಗುವುದು ಉಡುಪಿಯಲ್ಲೂ ಆಗಬೇಕು.

ಅಮ್ಮ ಮೇ ಕೊನೆಯ ವಾರ ಹೋದಳು. ಮನೆಯಲ್ಲೇ, ಬೆಳಗಿನ ಜಾವ. ಆವತ್ತು ಕರೆಂಟ್ ಇತ್ತು.

ಅವಳ ಯಂತ್ರ ಚಾವಡಿಯಲ್ಲಿದೆ. ಅದರ ಮೀಟರಿನಲ್ಲಿ 9,618 ಗಂಟೆ ಅಂತ ಇದೆ. ಫಿಲ್ಟರ್ ತೊಳೆದಿದ್ದೇನೆ. ತೇವ ಹಿಡಿಯದಿರಲಿ ಅಂತ ವಾರಕ್ಕೆ ಎರಡು ಸಲ ಅರ್ಧ ಗಂಟೆ ಓಡಿಸುತ್ತೇನೆ. ಇನ್ವರ್ಟರೂ ಇದೆ, ಸಿಲಿಂಡರೂ ಇದೆ, ಈ ಸಲ ತುಂಬಿಸಿಟ್ಟಿದ್ದೇನೆ. ನೀವು ಎರವಲು ಕೊಡುವ ವ್ಯವಸ್ಥೆ ಶುರುಮಾಡಿದರೆ ಮೊದಲ ಯಂತ್ರ ನಮ್ಮದೇ ಆಗಲಿ. ಎಲ್ಲಿಗೆ ತರಬೇಕು ಅಂತ ಹೇಳಿ, ನಾವೇ ಗಾಡಿ ಮಾಡಿಕೊಂಡು ತಂದುಕೊಡುತ್ತೇವೆ. ಗೋಡೆಯ ಮೇಲಿನ ಹಾಳೆಯನ್ನೂ ಜೋಪಾನವಾಗಿ ಬಿಡಿಸಿ, ಯಂತ್ರಕ್ಕೆ ಅಂಟಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಹೆಬ್ರಿ ತಾಲೂಕಿನ ಒಬ್ಬ ಮಗಳು